ಬೆವರಿನ ಗುರುತಿಗೆ ಬಣ್ಣ: ಅಗೋಚರ ಬೆರಳಚ್ಚಿನ ರಸಾಯನಶಾಸ್ತ್ರ ನಡೆದುಬಂದ ದಾರಿ

ಬೆರಳ ತುದಿ ಮುಟ್ಟಿದ ಕಡೆಯಲ್ಲೆಲ್ಲ ಬೆವರಿನ ತೆಳುವಾದ ಲೇಪವೊಂದು ಉಳಿಯುತ್ತದೆ. ಚರ್ಮದ ಉಬ್ಬುಗೆರೆಗಳು ಹೇಗೆ ಸುತ್ತಿ, ಕವಲೊಡೆದು, ಕೊನೆಗೊಂಡಿವೆಯೋ ಆ ಲೇಪವೂ ಹಾಗೆಯೇ ಮೂಡಿರುತ್ತದೆ. ಆದರೆ ಅದು ಬರಿಗಣ್ಣಿಗೆ ಕಾಣುವುದಿಲ್ಲ. ಇದೇ ಅಗೋಚರ ಬೆರಳಚ್ಚು. ಅಪರಾಧ ನಡೆದ ಜಾಗದಲ್ಲಿ ಸಿಕ್ಕರೆ ಪೊಲೀಸರು ಅದನ್ನು ಚಾನ್ಸ್ ಪ್ರಿಂಟ್ ಎನ್ನುತ್ತಾರೆ. ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ, ಬಲಸಮುದ್ರದಂಥ ಹಳ್ಳಿಯಿರಲಿ ಶಿರಾದಂಥ ಪಟ್ಟಣವಿರಲಿ, ಬೀಗ ಮುರಿದು ಬೀರು ಒಡೆದ ಸುದ್ದಿ ಬಂದಾಗಲೆಲ್ಲ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಶ್ವಾನದಳ ಮತ್ತು ಬೆರಳಚ್ಚು ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದರು. ಓದುಗರು ಗಮನಿಸದೆ ದಾಟಿಬಿಡುವ ಆ ಸಾಲಿನ ಹಿಂದೆ ನೂರೈವತ್ತು ವರ್ಷಕ್ಕೂ ಮೀರಿದ ರಸಾಯನಶಾಸ್ತ್ರವಿದೆ.

ಈ ಇತಿಹಾಸವನ್ನು ಒಂದೇ ಮಾತಿನಲ್ಲಿ ಹೀಗೆ ಹೇಳಬಹುದು: ಬೆವರಿನಲ್ಲಿರುವ ಒಂದೊಂದು ವಸ್ತುವಿಗೂ ತಕ್ಕ ರಾಸಾಯನಿಕ ಒಂದೊಂದಾಗಿ ದೊರೆಯುತ್ತ ಬಂತು, ಯಾವುದನ್ನು ಮೊದಲು ಬಳಸಬೇಕು ಯಾವುದನ್ನು ಕೊನೆಗೆ ಎಂಬ ಶಿಸ್ತು ಅದರ ಜೊತೆಗೇ ಬೆಳೆಯಿತು.

ಬೆರಳು ಬಿಟ್ಟುಹೋಗುವುದು ಏನು?

ಬೆರಳಿನ ಉಬ್ಬುಗೆರೆಗಳು ಮಗು ತಾಯಿಯ ಗರ್ಭದಲ್ಲಿರುವಾಗ, ಮೂರನೆಯ ತಿಂಗಳ ಹೊತ್ತಿಗೆ ಮೂಡತೊಡಗಿ ಆರನೆಯ ತಿಂಗಳ ಹೊತ್ತಿಗೆ ನೆಲೆಗೊಳ್ಳುತ್ತವೆ. ಹೊಲದ ಕೆಲಸ, ಗಾರೆ ಕೆಲಸ, ಕಲ್ಲು ಒಡೆಯುವ ಕೆಲಸ ಮಾಡುವವರಲ್ಲಿ ಗೆರೆಗಳು ಸವೆಯುತ್ತವೆ. ಆದರೂ ಒಳಚರ್ಮಕ್ಕೆ ಪೆಟ್ಟಾಗದಿದ್ದರೆ ಅದೇ ವಿನ್ಯಾಸ ಮತ್ತೆ ಮೇಲೆದ್ದು ಬರುತ್ತದೆ. ಗೆರೆಯ ನೆತ್ತಿಯುದ್ದಕ್ಕೂ ಬೆವರಿನ ರಂಧ್ರಗಳಿವೆ. ಅಲ್ಲಿಂದ ಬರುವ ಬೆವರಿನಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲಿಗೂ ಹೆಚ್ಚು ನೀರೇ. ಉಳಿದ ಅಲ್ಪ ಭಾಗದಲ್ಲಿ ಉಪ್ಪು ಅಂದರೆ ಕ್ಲೋರೈಡ್, ಅಮೈನೊ ಆಮ್ಲಗಳು, ಯೂರಿಯಾ, ಲ್ಯಾಕ್ಟಿಕ್ ಆಮ್ಲ, ಒಂದಿಷ್ಟು ಪ್ರೋಟೀನು ಇರುತ್ತವೆ.

ಬೆರಳ ತುದಿಯಲ್ಲಿ ಜಿಡ್ಡು ಸ್ರವಿಸುವ ಗ್ರಂಥಿಗಳಿಲ್ಲ. ಹಾಗಿದ್ದರೂ ಬೆರಳಚ್ಚಿನಲ್ಲಿ ಜಿಡ್ಡು ಸಿಗುತ್ತದೆ. ಮನುಷ್ಯ ದಿನವಿಡೀ ಹಣೆ ಒರೆಸಿಕೊಳ್ಳುತ್ತಾನೆ, ಮೂಗು ಮುಟ್ಟಿಕೊಳ್ಳುತ್ತಾನೆ, ತಲೆಗೂದಲು ಸವರಿಕೊಳ್ಳುತ್ತಾನೆ. ಆಗ ಮುಖದ, ನೆತ್ತಿಯ ಜಿಡ್ಡು ಬೆರಳಿಗೆ ಅಂಟಿ ಮುಂದಿನ ವಸ್ತುವಿಗೆ ದಾಟುತ್ತದೆ. ತಲೆಗೆ ಹಚ್ಚಿದ ಎಣ್ಣೆಯೂ ಜೊತೆಗೂಡುತ್ತದೆ. ಹೀಗೆ ಒಂದು ಅಚ್ಚಿನಲ್ಲಿ ನೀರು, ಉಪ್ಪು, ಅಮೈನೊ ಆಮ್ಲ, ಜಿಡ್ಡು ಎಂಬ ನಾಲ್ಕು ಬಗೆಯ ಸಾಕ್ಷಿಗಳಿರುತ್ತವೆ. ನೀರು ಗಂಟೆಗಳಲ್ಲಿ ಆರಿಹೋಗುತ್ತದೆ. ಉಪ್ಪು, ಒಣ ಜಾಗದಲ್ಲಿ ಇದ್ದಲ್ಲೇ ಇರುತ್ತದೆ, ತೇವವಿದ್ದರೆ ಕಾಗದದೊಳಗೆ ಹರಡುತ್ತದೆ. ಅಮೈನೊ ಆಮ್ಲ ಕಾಗದದ ನಾರಿಗೆ ಅಂಟಿಕೊಂಡು ವರ್ಷಗಟ್ಟಲೆ ಕದಲದೆ ಉಳಿಯುತ್ತದೆ. ಜಿಡ್ಡು ನೀರಿಗೆ ಜಗ್ಗುವುದಿಲ್ಲ, ಬಿಸಿಲಿಗೆ ಮಾತ್ರ ಕರಗುತ್ತದೆ. ರಾಸಾಯನಿಕ ವಿಧಾನಗಳೆಲ್ಲ ನಿಂತಿರುವುದು ಈ ನಾಲ್ಕರ ಗುಣದ ಮೇಲೆ.

ಬಂಗಾಳದ ಆರಂಭ

ಬೆರಳಚ್ಚನ್ನು ಆಡಳಿತಕ್ಕೆ ತಂದ ಪ್ರಯೋಗ ನಡೆದದ್ದು ಭಾರತದಲ್ಲಿಯೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್, ರಸ್ತೆಗೆ ಜಲ್ಲಿ ಒದಗಿಸುವ ಕರಾರೊಂದರ ಮೇಲೆ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಅಂಗೈ ಅಚ್ಚು ಒತ್ತಿಸಿಕೊಂಡನು. 1877ರಲ್ಲಿ ಹೂಗ್ಲಿ ಜಿಲ್ಲೆಯಲ್ಲಿ ಪಿಂಚಣಿ, ಪತ್ರಗಳ ನೋಂದಣಿ, ಜೈಲು ಈ ಮೂರಕ್ಕೂ ಬೆರಳಚ್ಚನ್ನು ಜಾರಿಗೆ ತಂದನು. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕ್ರಯಪತ್ರದ ಮೇಲೆ ಹೆಬ್ಬೆಟ್ಟು ಒತ್ತುವ ಪದ್ಧತಿಯ ಹಿನ್ನೆಲೆ ಇದು. 1880ರಲ್ಲಿ ಜಪಾನಿನಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಹೆನ್ರಿ ಫಾಲ್ಡ್ಸ್ ‘ನೇಚರ್’ ಪತ್ರಿಕೆಗೆ ಬರೆದ ಪತ್ರದಲ್ಲಿ, ಅಪರಾಧಿಯನ್ನು ಹಿಡಿಯಲು ಅವನು ಬಿಟ್ಟುಹೋದ ಬೆರಳ ಗುರುತು ಸಾಕು ಎಂದು ಸೂಚಿಸಿದನು.

1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಬ್ಯೂರೋ ತೆರೆಯಿತು. ಬೆರಳಚ್ಚುಗಳ ವರ್ಗೀಕರಣಕ್ಕೆ ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಹೆಸರು ಅಂಟಿಕೊಂಡಿದ್ದರೂ ಅದರ ಗಣಿತವನ್ನು ಕಟ್ಟಿದವರು ಅವನ ಕೈಕೆಳಗಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಮರೆತುಹೋಗಿದ್ದ ಈ ಇಬ್ಬರ ಪಾಲನ್ನು ದಾಖಲೆ ಸಮೇತ ಮುಂದಿಟ್ಟ ಜಿ.ಎಸ್. ಸೋಧಿ ಮತ್ತು ಜಸ್ಜೀತ್ ಕೌರ್ ಅವರ ಪ್ರಬಂಧ 2005ರಲ್ಲಿ ಪ್ರಕಟವಾದದ್ದು ಬೆಂಗಳೂರಿನಿಂದ ಹೊರಬರುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಕಲ್ಕತ್ತದ ಬ್ಯೂರೋ ತೆರೆದ ಕಾಲಕ್ಕೆ ಸೇರಿದ ಜಲಪಾಯಿಗುರಿಯ ಪ್ರಕರಣ ಪ್ರಸಿದ್ಧವಾಗಿದೆ. ಚಹಾ ತೋಟದ ವ್ಯವಸ್ಥಾಪಕನೊಬ್ಬ ಕೊಲೆಯಾಗಿದ್ದ. ಅವನ ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ಕಂದು ಬಣ್ಣದ ಬೆರಳ ಗುರುತು ಸಿಕ್ಕಿತು. ಹಿಂದೆ ಶಿಕ್ಷೆಯಾಗಿದ್ದ ಆಳೊಬ್ಬನ ಹೆಬ್ಬೆರಳಿಗೆ ಅದು ಹೊಂದಿತು. 1898ರಲ್ಲಿ ನ್ಯಾಯಾಲಯ ಅವನನ್ನು ಕಳವಿಗಾಗಿ ಶಿಕ್ಷಿಸಿತು, ಕೊಲೆಯ ಆರೋಪ ನಿಲ್ಲಲಿಲ್ಲ. ಮರುವರ್ಷವೇ, 1899ರಲ್ಲಿ, ಭಾರತೀಯ ಸಾಕ್ಷ್ಯ ಅಧಿನಿಯಮದ 45ನೆಯ ಕಲಮಿಗೆ ಬೆರಳಚ್ಚು ತಜ್ಞರ ಅಭಿಪ್ರಾಯವೂ ಸೇರಿತು.

ಆ ಪಂಚಾಂಗದ ಗುರುತು ಕಣ್ಣಿಗೆ ಕಾಣುವಂತಿತ್ತು. ಕಾಣದ ಗುರುತುಗಳಿಗೆ ಆಗ ಇದ್ದ ಉಪಾಯ ಪುಡಿ. ಗಾಜು, ಲೋಹ, ಬಣ್ಣ ಹೊಡೆದ ಮರ ಇಂಥ ನುಣುಪು ಮೈಯ ಮೇಲೆ ಮೃದುವಾದ ಬ್ರಷ್ಷಿನಿಂದ ಕಾಡಿಗೆಯ ಪುಡಿಯನ್ನೋ ಅಲ್ಯೂಮಿನಿಯಂ ಪುಡಿಯನ್ನೋ ಸವರಿದರೆ ಅದು ತೇವ ಮತ್ತು ಜಿಡ್ಡಿಗೆ ಅಂಟಿ ಗೆರೆಗಳು ಎದ್ದುಕಾಣುತ್ತವೆ. ಪಾರದ ಬೆರೆಸಿದ ಸೀಮೆಸುಣ್ಣದ ಪುಡಿಯೂ ಬಹಳ ಕಾಲ ಬಳಕೆಯಲ್ಲಿತ್ತು, ವಿಷಕಾರಿ ಎಂದು ಮುಂದೆ ಕೈಬಿಡಲಾಯಿತು. ಬೀರುವಿನ ಬಾಗಿಲು, ಸ್ಟೀಲ್ ಡಬ್ಬಿ, ಬೈಕಿನ ಟ್ಯಾಂಕ್ ಇವುಗಳಿಗೆ ಇಂದಿಗೂ ಮೊದಲ ಆಯ್ಕೆ ಪುಡಿಯೇ. ಆದರೆ ಕಾಗದ, ರಟ್ಟು, ಹಸಿ ಮರ ಇವು ಬೆವರನ್ನು ಹೀರಿಕೊಂಡುಬಿಡುತ್ತವೆ. ಅಲ್ಲಿ ಪುಡಿಗೆ ಅಂಟಲು ಏನೂ ಉಳಿದಿರುವುದಿಲ್ಲ. ರಸಾಯನಶಾಸ್ತ್ರ ಬೇಕಾದದ್ದು ಇಲ್ಲಿ.

ಅಯೋಡಿನ್: ಬಂದು ಹೋಗುವ ಕಂದು

ಮೊದಲು ಒದಗಿದ್ದು ಅಯೋಡಿನ್. ಇದರ ಹರಳುಗಳು ಕರಗಿ ದ್ರವವಾಗುವ ಗೋಜಿಗೆ ಹೋಗದೆ ಸ್ವಲ್ಪ ಬಿಸಿಗೇ ನೇರಳೆ ಆವಿಯಾಗಿ ಏಳುತ್ತವೆ. 1863ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ಜಾನ್ ಕೂಲಿಯೇ ತಿದ್ದಿದ ದಸ್ತಾವೇಜುಗಳನ್ನು ಪತ್ತೆ ಮಾಡಲು ಈ ಆವಿಯನ್ನು ಕಾಗದಕ್ಕೆ ಹಿಡಿಯುತ್ತಿದ್ದಾಗ, ಮುಟ್ಟಿದ ಬೆರಳುಗಳ ಗುರುತು ಕಂದು ಬಣ್ಣದಲ್ಲಿ ಏಳುವುದನ್ನು ಕಂಡು ಬರೆದಿಟ್ಟನು. ಬೆರಳಚ್ಚಿನಿಂದ ಅಪರಾಧಿಯನ್ನು ಗುರುತಿಸಬಹುದೆಂದು ಫಾಲ್ಡ್ಸ್ ಬರೆಯುವುದಕ್ಕೂ ಹದಿನೇಳು ವರ್ಷ ಮೊದಲಿನ ಮಾತಿದು.

ಇಲ್ಲಿ ಆಗುವುದು ಹೀರುವಿಕೆ, ಗಟ್ಟಿಯಾದ ರಾಸಾಯನಿಕ ಬಂಧವಲ್ಲ. ಬೆವರಿನ ಪದರ ಅಯೋಡಿನ್ನನ್ನು ಸೆಳೆದುಕೊಳ್ಳುತ್ತದೆ, ಆವಿ ನಿಲ್ಲಿಸಿದರೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಆದ್ದರಿಂದ ಅಚ್ಚು ಮೂಡಿದ ಕೂಡಲೇ ಫೋಟೊ ತೆಗೆಯಬೇಕು. ಇಲ್ಲವೇ ಗಂಜಿಯ ದ್ರಾವಣ ಸಿಂಪಡಿಸಿ ಕಂದನ್ನು ನೀಲಿಯಾಗಿ ನಿಲ್ಲಿಸಬೇಕು. ಅಯೋಡಿನ್ ಚಂಚಲವಾದದ್ದು ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಅದು ಕಾಗದವನ್ನು ಕೆಡಿಸುವುದಿಲ್ಲ, ಮುಂದಿನ ಪರೀಕ್ಷೆಗಳಿಗೆ ಅಡ್ಡಿಯಾಗುವುದಿಲ್ಲ. ಅದಕ್ಕೆಂದೇ ಬಹುಕಾಲ ಮೊದಲ ಪರೀಕ್ಷೆಯ ಸ್ಥಾನ ಅದಕ್ಕೆ ದೊರೆಯಿತು. ಆವಿ ಶ್ವಾಸಕೋಶಕ್ಕೆ ಕೆಟ್ಟದ್ದಾದ್ದರಿಂದ ಮುಚ್ಚಿದ ಪೆಟ್ಟಿಗೆಯಲ್ಲಿ ಈ ಕೆಲಸ ನಡೆಯಬೇಕು.

ಬೆಳ್ಳಿಯ ಲವಣ ಮತ್ತು ಮೈಸೂರಿನ ಶಾಯಿ

ಎರಡನೆಯದು ಸಿಲ್ವರ್ ನೈಟ್ರೇಟ್. 1870ರ ದಶಕದ ಕೊನೆಯಲ್ಲಿ ಫ್ರಾನ್ಸಿನ ವೈದ್ಯ ಓಬೇರ್ ಬೆವರಿನ ಬಗ್ಗೆ ಅಧ್ಯಯನ ಮಾಡಲು ಇದನ್ನು ಬಳಸಿದ್ದನು. 1891ರಲ್ಲಿ ಲಿಯೋನ್ ನಗರದ ರೆನೆ ಫೋರ್ಜೋ ತನ್ನ ಪ್ರಬಂಧದಲ್ಲಿ ಇದನ್ನು ಅಪರಾಧ ತನಿಖೆಗೆ ಅನ್ವಯಿಸಿದನು. ಸುಮಾರು ಶೇ 3ರಷ್ಟು ದ್ರಾವಣದಲ್ಲಿ ಅದ್ದಿದ ಕಾಗದದಲ್ಲಿ ಬೆವರಿನ ಕ್ಲೋರೈಡ್ ಬೆಳ್ಳಿಯೊಂದಿಗೆ ಕೂಡಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬಿಸಿಲು ತಗುಲಿದರೆ ಅದು ಒಡೆದು ಸೂಕ್ಷ್ಮ ಬೆಳ್ಳಿಯ ಕಣಗಳಾಗಿ ಕಪ್ಪಾಗುತ್ತದೆ. ಗೆರೆಗೆ ಗೆರೆ ಕಂದುಗಪ್ಪಾಗಿ ಎದ್ದು ನಿಲ್ಲುತ್ತದೆ.

ಇದೇ ಕ್ರಿಯೆ ಕರ್ನಾಟಕದ ಪ್ರತಿಯೊಬ್ಬ ಮತದಾರನ ಕೈಮೇಲೂ ನಡೆಯುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆ ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನಲ್ಲಿ ಚುನಾವಣೆಯ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತದೆ. ದೆಹಲಿಯ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ಶಾಯಿ 1962ರ ಸಾರ್ವತ್ರಿಕ ಚುನಾವಣೆಯಿಂದ ಬಳಕೆಯಲ್ಲಿದೆ. ಇದರ ಸೂತ್ರ ಗುಟ್ಟು, ಆದರೆ ಮುಖ್ಯ ವಸ್ತು ಸಿಲ್ವರ್ ನೈಟ್ರೇಟ್ ಎಂಬುದು ಎಲ್ಲರಿಗೂ ತಿಳಿದದ್ದೇ. ಮತಗಟ್ಟೆಯಲ್ಲಿ ಎಡಗೈ ತೋರುಬೆರಳಿಗೆ ಹಚ್ಚಿದಾಗ ನೇರಳೆಯಾಗಿ ಕಾಣುವ ಗೆರೆ ಹೊರಗಿನ ಬೆಳಕಿಗೆ ಬಂದಂತೆ ಕಪ್ಪಾಗುತ್ತದೆ. ಚರ್ಮದ ಉಪ್ಪು ಮತ್ತು ಬೆಳ್ಳಿ ಕೂಡಿ ಆದ ಆ ಕಲೆ ಸೋಪಿಗೂ ಹೋಗುವುದಿಲ್ಲ, ಎಣ್ಣೆಗೂ ಹೋಗುವುದಿಲ್ಲ. ಬೆರಳಿನಿಂದ ಕಾಗದಕ್ಕೆ ದಾಟಿದ ಉಪ್ಪಿನ ಮೇಲೆ ಪ್ರಯೋಗಾಲಯದಲ್ಲಿ ನಡೆಯುವುದನ್ನೇ ಚುನಾವಣಾ ಸಿಬ್ಬಂದಿ ಬೆರಳಿನ ಮೇಲೆಯೇ ನಡೆಸುತ್ತಾರೆ.

1930ರ ದಶಕದಲ್ಲಿ ಅಮೆರಿಕದ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್‌ನ ಮಗುವಿನ ಅಪಹರಣ ಪ್ರಕರಣದಲ್ಲಿ ಎರಾಸ್ಟಸ್ ಹಡ್ಸನ್ ಎಂಬ ವೈದ್ಯ, ಪುಡಿಗೆ ಬಗ್ಗದ ಮರದ ಏಣಿಯ ಮೇಲೆ ಈ ವಿಧಾನದಿಂದ ನೂರಾರು ಬೆರಳ ಗುರುತುಗಳನ್ನು ಮೂಡಿಸಿ ತೋರಿಸಿದನು. ಇದಕ್ಕೆ ಮಿತಿಗಳೂ ಇವೆ. ತೇವವಿರುವ ಹವೆಯಲ್ಲಿ ಕ್ಲೋರೈಡ್ ಹರಡಿ ಗೆರೆಗಳು ಕಲಸಿಹೋಗುತ್ತವೆ. ಕರಾವಳಿಯಲ್ಲಿ ಬೇಗ ಕೆಡುವ ಇಂಥ ಗುರುತು ಪಾವಗಡದಂಥ ಒಣಸೀಮೆಯಲ್ಲಿ ಹೆಚ್ಚು ದಿನ ಹರಿತವಾಗಿ ಉಳಿಯಬಲ್ಲದು. ಇನ್ನೊಂದು ತೊಡಕೆಂದರೆ, ಬೆಳಕಿಗೆ ಸಿಕ್ಕ ಇಡೀ ಕಾಗದವೇ ಕೊನೆಗೆ ಕಪ್ಪಾಗುತ್ತದೆ. ಒಮ್ಮೆ ಬೆಳ್ಳಿ ಹಾಕಿದ ಮೇಲೆ ಬೇರೆ ಪರೀಕ್ಷೆಗೆ ದಾರಿಯಿಲ್ಲ.

ನಿನ್‌ಹೈಡ್ರಿನ್: ನಲವತ್ತನಾಲ್ಕು ವರ್ಷ ಕಾದ ನೇರಳೆ

ಕಾಗದದ ಮೇಲಿನ ಬೆರಳಚ್ಚಿಗೆ ನಿಜವಾದ ತಿರುವು ಕೊಟ್ಟದ್ದು ನಿನ್‌ಹೈಡ್ರಿನ್. 1910ರಲ್ಲಿ ಕೇಂಬ್ರಿಜ್‌ನಲ್ಲಿ ಸೀಗ್‌ಫ್ರೀಡ್ ರೂಹೆಮಾನ್ ಬೇರೊಂದು ಸಂಯುಕ್ತಕ್ಕಾಗಿ ನಡೆಸಿದ ಪ್ರಯೋಗದಲ್ಲಿ ಇದು ಅನಿರೀಕ್ಷಿತವಾಗಿ ಹುಟ್ಟಿತು. ಅಮೈನೊ ಆಮ್ಲಗಳೊಂದಿಗೆ ಸೇರಿದರೆ ಇದು ಗಾಢ ನೇರಳೆಗೆ ತಿರುಗುತ್ತದೆಂದೂ ಚರ್ಮಕ್ಕೂ ಬಣ್ಣ ಹಿಡಿಸುತ್ತದೆಂದೂ ಅವನೇ ದಾಖಲಿಸಿದನು. ಆ ಬಣ್ಣಕ್ಕೆ ಇಂದಿಗೂ ರೂಹೆಮಾನ್ ನೇರಳೆ ಎಂದೇ ಹೆಸರು. ಜೀವರಸಾಯನಶಾಸ್ತ್ರಜ್ಞರು ದಶಕಗಳ ಕಾಲ ಇದನ್ನು ಬಳಸಿದರು, ಬರಿಗೈಯಲ್ಲಿ ಕಾಗದ ಮುಟ್ಟಿದರೆ ಬೆರಳ ಕಲೆ ಬೀಳುತ್ತದೆಂದು ಬೈದುಕೊಂಡರು. ಆ ಕಲೆಯೇ ಒಂದು ಸಾಕ್ಷಿ ಎಂಬುದನ್ನು ಕಂಡವರು ಸ್ವೀಡನ್ನಿನ ಸ್ವಾಂಟೆ ಒಡೇನ್ ಮತ್ತು ಬೆಂಗ್ಟ್ ಫಾನ್ ಹಾಫ್‌ಸ್ಟೆನ್. ಅವರ ಪುಟ್ಟ ಬರಹ 1954ರಲ್ಲಿ ‘ನೇಚರ್’ನಲ್ಲಿ ಪ್ರಕಟವಾಯಿತು.

ಕ್ರಿಯೆ ಹೀಗೆ ನಡೆಯುತ್ತದೆ. ನಿನ್‌ಹೈಡ್ರಿನ್ನಿನ ಒಂದು ಅಣು ಅಮೈನೊ ಆಮ್ಲವನ್ನು ಒಡೆದು ಅದರಲ್ಲಿರುವ ಸಾರಜನಕವನ್ನು ಕಿತ್ತುಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆ ಸಾರಜನಕದ ಇನ್ನೊಂದು ಬದಿಗೆ ನಿನ್‌ಹೈಡ್ರಿನ್ನಿನ ಎರಡನೆಯ ಅಣು ಬಂದು ಸೇರುತ್ತದೆ. ಯಾವ ಅಮೈನೊ ಆಮ್ಲದಿಂದ ಶುರುವಾದರೂ ಸಾಮಾನ್ಯವಾಗಿ ಕೊನೆಗೆ ದೊರೆಯುವ ನೇರಳೆ ವಸ್ತು ಒಂದೇ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ಜಮೀನಿನ ಕರಾರುಪತ್ರವೊಂದು ನಕಲಿ ಎಂಬ ದೂರು ಬಂದಿದೆ, ಅದನ್ನು ಬರೆದವರು, ಹಿಡಿದವರು ಯಾರು ಎಂದು ತಿಳಿಯಬೇಕಾಗಿದೆ. ಶಾಯಿ ಒತ್ತಿದ ಹೆಬ್ಬೆಟ್ಟಿನ ಗುರುತು ಎಲ್ಲರಿಗೂ ಕಾಣುತ್ತದೆ, ಹಾಳೆಯ ಅಂಚಿನಲ್ಲಿ, ಹಿಂಬದಿಯಲ್ಲಿ ಬಿದ್ದ ಬೆವರಿನ ಗುರುತು ಕಾಣುವುದಿಲ್ಲ. ತಜ್ಞರು ಕೈಗವಸು ತೊಟ್ಟು ಚಿಮಟದಿಂದ ಹಾಳೆಯನ್ನು ಹಿಡಿದು ಮೊದಲು ಇದ್ದಂತೆಯೇ ಫೋಟೊ ತೆಗೆಯುತ್ತಾರೆ. ಬಳಿಕ ಅದನ್ನು ತಟ್ಟೆಯಲ್ಲಿರುವ ನಿನ್‌ಹೈಡ್ರಿನ್ ದ್ರಾವಣದಲ್ಲಿ ಕೆಲವು ಸೆಕೆಂಡು ಅದ್ದಿ ಆರಲು ಬಿಡುತ್ತಾರೆ. ಆಗಲೇ ಏನೂ ಕಾಣುವುದಿಲ್ಲ. ಸಾಧಾರಣ ಕೊಠಡಿಯಲ್ಲಿ ಕತ್ತಲಲ್ಲಿಟ್ಟರೆ ಒಂದೆರಡು ದಿನದಲ್ಲಿ ನಸುಗೆಂಪು ಚುಕ್ಕೆಗಳು ಹುಟ್ಟಿ, ಒಂದಕ್ಕೊಂದು ಸೇರಿ, ನೇರಳೆ ಗೆರೆಗಳಾಗುತ್ತವೆ. ಕೆಲವು ಅಚ್ಚುಗಳು ಪೂರ್ತಿ ಮೂಡಲು ವಾರವೂ ಬೇಕು. ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಶೇ 65ರ ಆಸುಪಾಸಿನ ತೇವಾಂಶವಿರುವ ಪೆಟ್ಟಿಗೆಯಲ್ಲಿಟ್ಟರೆ ನಿಮಿಷಗಳಲ್ಲೇ ಕೆಲಸ ಮುಗಿಯುತ್ತದೆ. ತೇವಾಂಶ ಇಲ್ಲದೆ ಈ ಕ್ರಿಯೆ ಸಾಗದು. ಬೇಸಿಗೆಯಲ್ಲಿ ಹವೆ ಒಣಗಿ ನಿಲ್ಲುವ ಊರುಗಳಲ್ಲಿ ಆ ತೇವವನ್ನು ಪೆಟ್ಟಿಗೆಯೊಳಗೆ ಉಂಟುಮಾಡಿಕೊಳ್ಳಲೇಬೇಕು.

ದ್ರಾವಕದ ಕಥೆಯೂ ಚಿಕ್ಕದಲ್ಲ. ಆರಂಭದಲ್ಲಿ ಬಳಸಿದ ಅಸಿಟೋನ್ ಬಾಲ್‌ಪೆನ್ನಿನ ಶಾಯಿಯನ್ನು ಕರಗಿಸಿ ದಸ್ತಾವೇಜನ್ನೇ ಹಾಳುಮಾಡುತ್ತಿತ್ತು. ಬೆರಳಚ್ಚು ಸಿಕ್ಕಿತು, ಬರಹ ಹೋಯಿತು ಎಂಬಂತಾಗುತ್ತಿತ್ತು. 1969ರಲ್ಲಿ ಪೆಟ್ರೋಲಿಯಂ ಈಥರ್ ಆಧಾರಿತ ಸೂತ್ರ ಬಂದಾಗ ಶಾಯಿ ಉಳಿಯಿತು, ಆದರೆ ಬೆಂಕಿಯ ಭಯವಿತ್ತು. 1974ರಲ್ಲಿ ಬ್ರಿಟನ್ನಿನಲ್ಲಿ ಕ್ಲೋರೊಫ್ಲೋರೊಕಾರ್ಬನ್ ದ್ರಾವಕದ ಸೂತ್ರ ಸಿದ್ಧವಾಯಿತು. ಅದಕ್ಕೆ ಬೆಂಕಿ ಹತ್ತುವುದಿಲ್ಲ, ಶಾಯಿಯೂ ಹರಡುವುದಿಲ್ಲ. ಓಜೋನ್ ಪದರ ಕಾಪಾಡುವ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನೂ ಬಿಟ್ಟು ಹೈಡ್ರೊಫ್ಲೋರೊ ಈಥರ್‌ಗಳಿಗೆ ಬರಬೇಕಾಯಿತು. ವಾತಾವರಣ ರಕ್ಷಣೆಗಾಗಿ ದೇಶಗಳು ಮಾಡಿಕೊಂಡ ಒಪ್ಪಂದವೊಂದು ಬೆರಳಚ್ಚು ಕೊಠಡಿಯ ತಟ್ಟೆಯನ್ನೂ ಬದಲಿಸಿತು.

ನೇರಳೆ ಮಸುಕಾಗಿದ್ದರೆ ಜಿಂಕ್ ಕ್ಲೋರೈಡ್ ಸಿಂಪಡಿಸುವ ಕ್ರಮ 1980ರ ದಶಕದ ಆರಂಭದಲ್ಲಿ ಬಂತು. ಆಗ ಬಣ್ಣ ಕಿತ್ತಳೆಗೆ ತಿರುಗಿ, ನೀಲಿ–ಹಸಿರು ಬೆಳಕು ಬಿಟ್ಟರೆ ಹೊಳೆಯುತ್ತದೆ. ಅದೇ ದಶಕದ ಕೊನೆಗೆ ಡಿಎಫ್ಒ, 1990ರ ದಶಕದ ಕೊನೆಗೆ ಇಂಡೇನ್‌ಡಯೋನ್ ಎಂಬ ಹೊಸ ರಾಸಾಯನಿಕಗಳು ಬಂದವು. ಇವೂ ಅಮೈನೊ ಆಮ್ಲಗಳನ್ನೇ ಹುಡುಕುತ್ತವೆ, ಆದರೆ ಕೊಡುವ ಬಣ್ಣಕ್ಕಿಂತ ಹೊಳಪೇ ಹೆಚ್ಚು.

ಅಂಟಿನ ಆವಿ

ಪ್ಲಾಸ್ಟಿಕ್ ಚೀಲ, ಮೊಬೈಲ್ ಫೋನು, ಬಾಟಲಿ ಇವು ಬೆವರನ್ನು ಹೀರುವುದಿಲ್ಲ. ಪುಡಿ ಕೆಲವೊಮ್ಮೆ ಇಡೀ ಮೈಗೆ ಅಂಟಿಬಿಡುತ್ತದೆ. ಇದಕ್ಕೆ ಪರಿಹಾರ ಜಪಾನಿನಲ್ಲಿ ದೊರೆಯಿತು. 1977ರ ಸುಮಾರಿಗೆ ಪೊಲೀಸ್ ಪ್ರಯೋಗಾಲಯದ ತಜ್ಞ ಫುಸಿಯೊ ಮಾತ್ಸುಮುರಾ ಕೂದಲೆಳೆಗಳನ್ನು ಗಾಜಿನ ಪಟ್ಟಿಗೆ ಸಯನೊಆಕ್ರಿಲೇಟ್ ಅಂಟಿನಿಂದ ಅಂಟಿಸುತ್ತಿದ್ದಾಗ, ಗಾಜಿನ ಮೇಲೆ ತನ್ನದೇ ಬೆರಳಚ್ಚು ಬೆಳ್ಳಗೆ ಮೂಡಿದ್ದನ್ನು ಕಂಡನು. ಸಹೋದ್ಯೋಗಿ ಮಸಾತೊ ಸೋಬಾ ಆ ಎಳೆಯನ್ನು ಹಿಡಿದು ವಿಧಾನವನ್ನು ರೂಪಿಸಿದನು. ಕೆಲವೇ ವರ್ಷಗಳಲ್ಲಿ ಅದು ಅಮೆರಿಕ, ಬ್ರಿಟನ್ ದಾಟಿ ಎಲ್ಲೆಡೆ ಹರಡಿತು. ಅಂಗಡಿಯಲ್ಲಿ ಫೆವಿಕ್ವಿಕ್ ಎಂದು ಕೇಳಿ ಕೊಳ್ಳುವ ಅಂಟು ಇದೇ ಕುಲದ್ದು.

ಗಾಜಿನ ಪೆಟ್ಟಿಗೆಯಲ್ಲಿ ವಸ್ತುವನ್ನು ತೂಗುಹಾಕಿ, ಕೆಳಗೆ ಅಂಟಿನ ಕೆಲವು ಹನಿಗಳನ್ನು ಸುಮಾರು 120 ಡಿಗ್ರಿಗೆ ಕಾಯಿಸುತ್ತಾರೆ. ಎದ್ದ ಆವಿ ಬೆವರಿನ ಗೆರೆಗಳ ಮೇಲೆ ಕೂತು ಅಲ್ಲಿಯೇ ಸರಪಳಿಯಾಗಿ ಬೆಸೆದು ಗಟ್ಟಿಯಾದ ಬಿಳಿ ಪ್ಲಾಸ್ಟಿಕ್ ಆಗುತ್ತದೆ. ಆಮೇಲೆ ಪುಡಿ ಸವರಿದರೂ, ರೋಡಮೈನ್‌ನಂಥ ಹೊಳೆಯುವ ಬಣ್ಣದಲ್ಲಿ ಅದ್ದಿದರೂ ಗೆರೆ ಅಳಿಯುವುದಿಲ್ಲ. ಪೆಟ್ಟಿಗೆಯೊಳಗೆ ಸುಮಾರು ಶೇ 80ರಷ್ಟು ತೇವಾಂಶ ಇರಲೇಬೇಕು. ಒಣಗಿದ ಅಚ್ಚು ಈ ತೇವವನ್ನು ಹೀರಿ ಮತ್ತೆ ಸ್ವಲ್ಪ ಹಸಿಯಾದಾಗ ಮಾತ್ರ ಅಂಟು ಚೆನ್ನಾಗಿ ಹಿಡಿಯುತ್ತದೆ. ಕರ್ನಾಟಕದ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿಗೆ ಸೇರುವ ಪಾವಗಡದಲ್ಲಿ ಏಪ್ರಿಲ್ ಬಿಸಿಲಿಗೆ ಕಾದ ಬೈಕಿನ ಮೇಲಿನ ಅಚ್ಚು ಗಂಟೆಗಳಲ್ಲೇ ನೀರನ್ನೆಲ್ಲ ಕಳೆದುಕೊಳ್ಳುತ್ತದೆ. ಆದ್ದರಿಂದ ಇಂಥ ಸೀಮೆಯಲ್ಲಿ ವಸ್ತುವನ್ನು ನೆರಳಿಗೆ ಸರಿಸುವ ಹೊತ್ತು, ಪೆಟ್ಟಿಗೆಯ ತೇವ ಎರಡೂ ಫಲಿತಾಂಶವನ್ನು ನಿರ್ಧರಿಸುತ್ತವೆ.

ನೀರು, ಟೇಪು, ರಕ್ತ

ಕದ್ದ ಪೆಟ್ಟಿಗೆಯನ್ನೋ ಆಯುಧವನ್ನೋ ಕೆರೆಗೆ, ಬಾವಿಗೆ ಎಸೆದರೆ ಗುರುತು ತೊಳೆದುಹೋಯಿತು ಎಂಬ ನಂಬಿಕೆ ಹಳೆಯದು. ಉಪ್ಪು, ಅಮೈನೊ ಆಮ್ಲಗಳ ಮಟ್ಟಿಗೆ ಅದು ನಿಜ. ಜಿಡ್ಡಿನ ಮಟ್ಟಿಗೆ ನಿಜವಲ್ಲ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ರೂಪುಗೊಂಡ ಎರಡು ವಿಧಾನಗಳು ಈ ಜಿಡ್ಡನ್ನೇ ಹಿಡಿಯುತ್ತವೆ. ನೆನೆದ ಕಾಗದಕ್ಕೆ ಫಿಸಿಕಲ್ ಡೆವಲಪರ್ ಎಂಬ ದ್ರಾವಣ. ಇದರಲ್ಲಿ ಕಬ್ಬಿಣದ ಲವಣಗಳು ಬೆಳ್ಳಿಯನ್ನು ನಿಧಾನವಾಗಿ ಬಿಡುಗಡೆ ಮಾಡುತ್ತವೆ, ಆ ಬೆಳ್ಳಿ ಜಿಡ್ಡಿನ ಗೆರೆಗಳ ಮೇಲೆ ಬೂದುಬಣ್ಣದಲ್ಲಿ ಕೂರುತ್ತದೆ. ಒದ್ದೆಯಾದ ಗಾಜು, ಲೋಹಗಳಿಗೆ ಸೋಪಿನ ನೀರಿನಲ್ಲಿ ಕದಡಿದ ಮಾಲಿಬ್ಡಿನಂ ಡೈಸಲ್ಫೈಡ್ ಪುಡಿ. ಇದನ್ನು ವಸ್ತು ಒದ್ದೆಯಾಗಿರುವಾಗಲೇ ಸಿಂಪಡಿಸಬಹುದು.

ಅಂಟುಟೇಪಿನ ಅಂಟು ಬದಿಗೆ ಬಿದ್ದ ಬೆರಳ ಗುರುತಿಗೆ ಜೆನ್ಶಿಯನ್ ವಯಲೆಟ್ ಬಣ್ಣ ಹಿಡಿಸುತ್ತದೆ. ಬಾಯಿಹುಣ್ಣಿಗೆ ಹಚ್ಚುತ್ತಿದ್ದ ನೇರಳೆ ಔಷಧಿ ಇದೇ. ತೆಳು ಪ್ಲಾಸ್ಟಿಕ್ ಚೀಲಗಳಿಗೆ ನಿರ್ವಾತದಲ್ಲಿ ಚಿನ್ನ ಮತ್ತು ಸತುವಿನ ಆವಿಯನ್ನು ಕೂರಿಸುವ ವಿಧಾನವಿದೆ. ಚಿನ್ನ ಗೆರೆಯ ಜಿಡ್ಡಿನಲ್ಲಿ ಮುಳುಗಿಹೋಗುತ್ತದೆ, ಗೆರೆಗಳ ನಡುವೆ ಮಾತ್ರ ಮೇಲೆ ಉಳಿಯುತ್ತದೆ. ಸತು ಆ ಚಿನ್ನವಿದ್ದ ಕಡೆ ಮಾತ್ರ ಅಂಟುವುದರಿಂದ ಗೆರೆಗಳು ಖಾಲಿಯಾಗಿ ಉಳಿದು ಕಾಣುತ್ತವೆ. ರಕ್ತ ಮೆತ್ತಿದ ಬೆರಳ ಗುರುತಿಗೆ ಅಮಿಡೊ ಬ್ಲ್ಯಾಕ್‌ನಂಥ ಪ್ರೋಟೀನ್ ಬಣ್ಣಗಳಿವೆ. ಅವು ಮಸುಕಾದ ರಕ್ತವನ್ನು ಕಡುನೀಲಿಯಾಗಿಸುತ್ತವೆ.

ಬೆಳಕಿನ ದಾರಿ ಮತ್ತು ತುಮಕೂರಿನ ಪಾಲು

1977ರಲ್ಲಿ ಕೆನಡಾದ ಡಾಲ್ರಿಂಪಲ್, ಡಫ್ ಮತ್ತು ಮೆನ್ಜೆಲ್, ಆರ್ಗಾನ್ ಲೇಸರ್ ಬೆಳಕಿನಲ್ಲಿ ಕೆಲವು ಬೆರಳಚ್ಚುಗಳು ತಾವೇ ಹೊಳೆಯುತ್ತವೆಂದು ತೋರಿಸಿದರು. ಅಂದಿನಿಂದ ಬಣ್ಣಕ್ಕಿಂತ ಹೊಳಪನ್ನು ಹುಡುಕುವ ದಾರಿ ತೆರೆಯಿತು. ಚಿತ್ತಾರದ ರಟ್ಟು, ಅಚ್ಚಾದ ಪ್ಯಾಕೆಟ್ಟು ಇವುಗಳ ಮೇಲೆ ಕಪ್ಪು ಪುಡಿಯ ಗೆರೆ ಹಿನ್ನೆಲೆಯಲ್ಲಿ ಕಳೆದುಹೋಗುತ್ತದೆ. ಕತ್ತಲಲ್ಲಿ ಹೊಳೆಯುವ ಗೆರೆ ಕಳೆದುಹೋಗುವುದಿಲ್ಲ.

ಈ ದಾರಿಯಲ್ಲಿ ಮಧುಗಿರಿ ಸೀಮೆಯ ಜಿಲ್ಲಾ ಕೇಂದ್ರವೂ ಹೆಸರು ಮಾಡಿದೆ. ತುಮಕೂರು ವಿಶ್ವವಿದ್ಯಾನಿಲಯದ ಪ್ರೊ. ಸಿ.ಎನ್.ಆರ್. ರಾವ್ ಉನ್ನತ ವಸ್ತುಗಳ ಅಧ್ಯಯನ ಕೇಂದ್ರದಲ್ಲಿ ಎಚ್. ನಾಗಭೂಷಣ ಮತ್ತು ಸಹಸಂಶೋಧಕರು 2010ರ ದಶಕದ ಮಧ್ಯದಿಂದ ಬೆರಳಚ್ಚಿಗೆಂದೇ ಹೊಳೆಯುವ ಅತಿಸೂಕ್ಷ್ಮ ಪುಡಿಗಳನ್ನು ತಯಾರಿಸಿ ಅಂತಾರಾಷ್ಟ್ರೀಯ ನಿಯತಕಾಲಿಕಗಳಲ್ಲಿ ಸಾಲುಸಾಲಾಗಿ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಲೋಹದ ಆಕ್ಸೈಡುಗಳಿಗೆ ಯುರೋಪಿಯಂ, ಡಿಸ್ಪ್ರೋಸಿಯಂನಂಥ ವಿರಳ ಭಸ್ಮ ಧಾತುಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವುದು ಇದರ ತಿರುಳು. ಯುರೋಪಿಯಂ ಬೆರೆತ ಪುಡಿ ನೇರಳಾತೀತ ದೀಪದ ಕೆಳಗೆ ಕೆಂಪಾಗಿ ಹೊಳೆಯುತ್ತದೆ, ಡಿಸ್ಪ್ರೋಸಿಯಂ ಬೆರೆತದ್ದು ನೀಲಿ ಮತ್ತು ಹಳದಿ ಕೂಡಿ ಬಿಳಿಗೆ ಹತ್ತಿರವಾಗಿ ಹೊಳೆಯುತ್ತದೆ. 2017ರ ಒಂದು ಪ್ರಬಂಧದಲ್ಲಿ ಶ್ರವಣಾತೀತ ಅಲೆಗಳ ನೆರವಿನಿಂದ ತಯಾರಿಸಿದ ಡಿಸ್ಪ್ರೋಸಿಯಂ ಬೆರೆತ ಬೇರಿಯಂ ಟೈಟನೇಟ್ ಪುಡಿಯಿಂದ ಬೆರಳಚ್ಚುಗಳ ಜೊತೆಗೆ ತುಟಿಯಚ್ಚುಗಳನ್ನೂ ಮೂಡಿಸಿ ತೋರಿಸಲಾಗಿದೆ.

ಈ ಬಗೆಯ ಆಕ್ಸೈಡ್ ಪುಡಿಗಳನ್ನು ತಯಾರಿಸುವ ಮುಖ್ಯ ವಿಧಾನಗಳಲ್ಲಿ ಒಂದಾದ ದ್ರಾವಣ ದಹನ ಕ್ರಮಕ್ಕೂ ಕರ್ನಾಟಕವೇ ತವರು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ ಮತ್ತು ಸಂಗಡಿಗರು, ಲೋಹದ ನೈಟ್ರೇಟುಗಳನ್ನು ಯೂರಿಯಾದಂಥ ಇಂಧನದೊಂದಿಗೆ ಕರಗಿಸಿ ಸುಮಾರು 500 ಡಿಗ್ರಿಯ ಕುಲುಮೆಗೆ ಇಟ್ಟರೆ ಅದು ತಾನೇ ಹೊತ್ತಿಕೊಂಡು ನಿಮಿಷಗಳಲ್ಲಿ ಹಗುರವಾದ ಆಕ್ಸೈಡ್ ಪುಡಿಯಾಗುತ್ತದೆಂದು ತೋರಿಸಿದ್ದರು. ತುಮಕೂರಿನ ಸಂಶೋಧಕರು ಯೂರಿಯಾದ ಜಾಗದಲ್ಲಿ ಗಿಡಗಳ ರಸವನ್ನೂ ಬಳಸಿ ನೋಡಿದ್ದಾರೆ. ಕಣ ಸಣ್ಣದಾದಷ್ಟೂ ಗೆರೆಯ ಅಂಚು ಹರಿತವಾಗುತ್ತದೆ, ಬೆವರಿನ ರಂಧ್ರಗಳೂ ಎಣಿಸುವಷ್ಟು ಸ್ಪಷ್ಟವಾಗುತ್ತವೆ. ಅರ್ಧ ಅಚ್ಚು ಮಾತ್ರ ಸಿಕ್ಕ ಪ್ರಕರಣಗಳಲ್ಲಿ ಈ ರಂಧ್ರಗಳ ಸ್ಥಾನವೂ ನೆರವಿಗೆ ಬರುತ್ತದೆ.

ಕ್ರಮವೇ ಪ್ರಾಣ

ಇಷ್ಟು ವಿಧಾನಗಳಿರುವಾಗ ಯಾವುದು ಮೊದಲು ಎಂಬುದೇ ದೊಡ್ಡ ಪ್ರಶ್ನೆ. ಒಂದು ರಾಸಾಯನಿಕ ಒಂದು ಸಾಕ್ಷಿಯನ್ನು ತೋರಿಸುವಾಗ ಇನ್ನೊಂದನ್ನು ತೊಳೆದುಹಾಕಬಹುದು. ಒಣ ಕಾಗದಕ್ಕೆ ಸಾಮಾನ್ಯ ಕ್ರಮ ಹೀಗಿದೆ: ಮೊದಲು ಬರಿಗಣ್ಣಿನಿಂದ ಮತ್ತು ವಿಶೇಷ ಬೆಳಕಿನಲ್ಲಿ ಪರೀಕ್ಷೆ, ಬಳಿಕ ಇಂಡೇನ್‌ಡಯೋನ್ ಅಥವಾ ಡಿಎಫ್ಒ, ಅದಾದ ಮೇಲೆ ನಿನ್‌ಹೈಡ್ರಿನ್, ಕೊನೆಯಲ್ಲಿ ಬೆಳ್ಳಿ ಆಧಾರಿತ ದ್ರಾವಣ. ಬೆಳ್ಳಿಯ ದ್ರಾವಣವನ್ನು ಮೊದಲೇ ಹಾಕಿದರೆ ಅಮೈನೊ ಆಮ್ಲಗಳೆಲ್ಲ ನೀರಿನಲ್ಲಿ ಹೊರಟುಹೋಗುತ್ತವೆ. ನುಣುಪು ಮೈಗೆ ಬೆಳಕು, ಅಂಟಿನ ಆವಿ, ಹೊಳೆಯುವ ಬಣ್ಣ, ಪುಡಿ ಎಂಬುದು ಕ್ರಮ. ಪ್ರತಿ ಹಂತಕ್ಕೂ ಫೋಟೊ ಕಡ್ಡಾಯ. ಬೆರಳ ಗುರುತಿನಲ್ಲಿ ಚರ್ಮದ ಕಣಗಳೂ ಇರುವುದರಿಂದ ಡಿಎನ್ಎ ಪರೀಕ್ಷೆ ಬೇಕೇ ಎಂಬುದನ್ನೂ ಮೊದಲೇ ನಿರ್ಧರಿಸಬೇಕು.

ಈ ಕ್ರಮ ಶುರುವಾಗುವುದು ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಲ್ಲೂ ಅಲ್ಲ, ಜಿಲ್ಲೆಯ ಬೆರಳಚ್ಚು ಘಟಕದಲ್ಲೂ ಅಲ್ಲ, ಕಳವಾದ ಮನೆಯ ಹೊಸ್ತಿಲಲ್ಲಿ. ವಿಷಯ ತಿಳಿದೊಡನೆ ನೆರೆಹೊರೆಯವರು ಒಳಗೆ ನುಗ್ಗಿ ಬೀರು ಮುಟ್ಟಿ ನೋಡುತ್ತಾರೆ, ಚೆಲ್ಲಿದ ಪಾತ್ರೆಗಳನ್ನು ಎತ್ತಿಡುತ್ತಾರೆ. ಮನೆಯವರು ಅಭ್ಯಾಸಬಲದಿಂದ ನೆಲ ಒರೆಸುತ್ತಾರೆ. ಒರಟಾದ ಕಲ್ಲುಚಪ್ಪಡಿ, ಮಣ್ಣಿನ ಗೋಡೆಗಳ ಮೇಲೆ ಬೆರಳಚ್ಚು ಮೂಡುವುದೇ ಅಪರೂಪ. ಹಳ್ಳಿಮನೆಯಲ್ಲಿ ಅಚ್ಚು ಉಳಿಯುವಂಥ ಜಾಗಗಳು ಬೀರು, ಟ್ರಂಕು, ಸ್ಟೀಲ್ ಪಾತ್ರೆ, ಕಿಟಕಿಯ ಗಾಜು, ಕಾಗದಪತ್ರ ಇಷ್ಟೇ. ಅವೂ ಕೈಯಿಂದ ಕೈಗೆ ಹೋದರೆ ರಸಾಯನಶಾಸ್ತ್ರಕ್ಕೆ ಮಾಡಲು ಏನೂ ಉಳಿಯುವುದಿಲ್ಲ. ಪೊಲೀಸರು ಬರುವವರೆಗೆ ಬಾಗಿಲು ಹಾಕಿ ಹೊರಗೆ ನಿಲ್ಲುವುದು ಮನೆಯವರು ತನಿಖೆಗೆ ಮಾಡಬಹುದಾದ ಅತಿದೊಡ್ಡ ಉಪಕಾರ.

ಕಾನೂನು ಈಗ ಈ ಮಾತನ್ನು ಗಟ್ಟಿಗೊಳಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಪೂರ್ತಿಯಾಗಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಅಪರಾಧ ಸ್ಥಳದ ಪರಿಶೀಲನೆಗೆಂದೇ ಸೋಕೋ ಎಂದು ಕರೆಯುವ ಅಧಿಕಾರಿಗಳ ಹುದ್ದೆಗಳು ಕರ್ನಾಟಕದಲ್ಲಿ ಸೃಷ್ಟಿಯಾಗಿವೆ. ಮೂಡಿಸಿದ ಅಚ್ಚನ್ನು ಹೋಲಿಸಲು 2022ರಲ್ಲಿ ಆರಂಭವಾದ ‘ನಾಫಿಸ್’ ಎಂಬ ರಾಷ್ಟ್ರೀಯ ಬೆರಳಚ್ಚು ಭಂಡಾರದಲ್ಲಿ ಕೋಟಿಗೂ ಮೀರಿದ ದಾಖಲೆಗಳಿವೆ. ಮೂರು ಕಡೆ ಗಡಿಯಾಚೆಯ ಆಂಧ್ರಪ್ರದೇಶದ ಊರುಗಳಿಂದ ಸುತ್ತುವರಿದ ಪಾವಗಡಕ್ಕೆ ಇದು ಮುಖ್ಯ. ಒಂದು ರಾಜ್ಯದಲ್ಲಿ ಕಳವು ಮಾಡಿ ಇನ್ನೊಂದಕ್ಕೆ ದಾಟಿದವನ ದಾಖಲೆ ಎರಡೂ ಕಡೆ ಸಿಗುತ್ತದೆ.

ಕೊನೆಯದಾಗಿ ಮಿತಿಗಳ ಮಾತು. ಬೆರಳು ಅಲ್ಲಿ ಮುಟ್ಟಿತ್ತು ಎಂದು ರಾಸಾಯನಿಕ ಹೇಳುತ್ತದೆ. ಯಾವಾಗ ಮುಟ್ಟಿತ್ತು ಎಂಬುದನ್ನು ನಂಬಲರ್ಹವಾಗಿ ಹೇಳುವ ವಿಧಾನ ಇನ್ನೂ ಬಳಕೆಗೆ ಬಂದಿಲ್ಲ. ಏಕೆ ಮುಟ್ಟಿತ್ತು ಎಂಬುದು ರಸಾಯನಶಾಸ್ತ್ರದ ವ್ಯಾಪ್ತಿಗೇ ಬರುವುದಿಲ್ಲ. ಸ್ಥಳದಲ್ಲಿ ಸಿಕ್ಕ ಅಚ್ಚು ಎಷ್ಟೇ ಸ್ಪಷ್ಟವಾಗಿದ್ದರೂ ಹೋಲಿಕೆಗೆಂದು ಆರೋಪಿಯಿಂದ ಪಡೆದ ಮಾದರಿ ಅನುಮಾನಕ್ಕೆ ಎಡೆಯಿಲ್ಲದಂತೆ ಇರಬೇಕು. ಕರ್ನಾಟಕದಲ್ಲಿ 1990ರಲ್ಲಿ ನಡೆದ ಕೊಲೆ ಪ್ರಕರಣವೊಂದರಲ್ಲಿ, ಮಾದರಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಅಥವಾ ಅವರ ಆದೇಶದಂತೆ ಪಡೆದಿರಲಿಲ್ಲ ಎಂಬುದನ್ನು ಗಮನಿಸಿದ ಸುಪ್ರೀಂ ಕೋರ್ಟ್ 2014ರಲ್ಲಿ ಬೆರಳಚ್ಚಿನ ಸಾಕ್ಷ್ಯವನ್ನು ನಂಬಲು ನಿರಾಕರಿಸಿ ಆರೋಪಿಯನ್ನು ಬಿಡುಗಡೆ ಮಾಡಿತು. ಅಯೋಡಿನ್ನಿನಿಂದ ವಿರಳ ಭಸ್ಮಗಳ ಪುಡಿಯವರೆಗಿನ ಪ್ರತಿಯೊಂದು ವಿಧಾನಕ್ಕೂ ಬೆಲೆ ಬರುವುದು ಸ್ಥಳದ ಮಹಜರು, ವಸ್ತುವಿನ ಮೇಲಿನ ಸೀಲು, ಫೋಟೊ, ಮಾದರಿಯ ದಾಖಲೆ ಈ ನಾಲ್ಕೂ ಸರಿಯಾಗಿದ್ದಾಗ ಮಾತ್ರ.